ಬಲಗಣ್ಣಿನ ಚೂರು

ಅಪ್ಪನಿಗೆ,

ಎಂಆರ್‌ಐ ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ನಾನು ನಿಮ್ಮನ್ನು ತಡೆದದ್ದಕ್ಕೆ ಬಂದ ಕೋಪ ಇನ್ನೂ ಇಳಿದಿಲ್ಲವೆಂದು ಅಮ್ಮ ಹೇಳಿದಳು. "ಕಣ್ಣಿಗೆ ಏನೂ ಬಿದ್ದಿಲ್ಲ ಅಂದ್ನಲ್ಲ, ಹೆತ್ತಪ್ಪನ ಮಾತೂ ನಂಬಲ್ವೇನೇ?" ಎಂದು ಎಲ್ಲರೆದುರು ಕೂಗಿದಿರಿ. ನಂಬಲಿಲ್ಲ. ಕಬ್ಬಿಣ ಕೊರೆಯುವ ಲೇತ್ ಯಂತ್ರದ ಮುಂದೆ ಆಯುಷ್ಯ ಕಳೆದವರನ್ನು ಎಕ್ಸ್‌ರೇ ಇಲ್ಲದೆ ನಾವು ಒಳಗೆ ಬಿಡುವುದಿಲ್ಲ.

ಗೊಣಗುತ್ತಲೇ ತೆಗೆಸಿಕೊಂಡಿರಲ್ಲ, ಆ ಎಕ್ಸ್‌ರೇ ಬಂದಿದೆ. ಬಲಗಣ್ಣಿನೊಳಗೆ ಸಾಸಿವೆಗಿಂತ ಚಿಕ್ಕದೊಂದು ಕಬ್ಬಿಣದ ಚೂರಿದೆ. ಸ್ಕ್ಯಾನ್ ಯಂತ್ರದ ಭಾರೀ ಅಯಸ್ಕಾಂತ ಅದನ್ನು ಎಳೆದಿದ್ದರೆ ಕಣ್ಣೇ ಹೋಗುತ್ತಿತ್ತು. ಅಮ್ಮನಿಗೆ ನಾನು ಹೇಳಿಲ್ಲ, ನೀವೇ ಹೇಳಿ.

ನಿಮ್ಮ ತಲೆನೋವಿಗೆ ಡಾಕ್ಟರು ಅಯಸ್ಕಾಂತವಿಲ್ಲದ ಬೇರೆ ಸ್ಕ್ಯಾನ್ ಬರೆದಿದ್ದಾರೆ. ಗುರುವಾರ ಬೆಳಿಗ್ಗೆ ಬನ್ನಿ. ಅಂದು ನಾನು ರಜೆ ಹಾಕಿದ್ದೇನೆ. ಪ್ರಶ್ನೆ ಕೇಳುವವರು ಬೇರೆಯವರು. ನಾನು ಹೊರಗೆ ಬೆಂಚಿನ ಮೇಲೆ, ಅಮ್ಮನ ಕೈ ಹಿಡಿದು ಕೂತಿರುತ್ತೇನೆ.

ನಿಮ್ಮ ಮಗಳು