ಯಾರು ಒತ್ತಿದ ಮುದ್ರೆ?

ಫೆಬ್ರವರಿ ೩, ಬೆಳಿಗ್ಗೆ

ಕಳೆದ ತಿಂಗಳು ಹತ್ತೊಂಬತ್ತನೇ ತಾರೀಕು, ಸೋಮವಾರ, ಹಾಡಹಗಲಲ್ಲಿ ನನ್ನ ಹೆಂಡತಿಯ ಬ್ಯಾಂಕ್ ಖಾತೆ ಬರಿದಾಯಿತು. ಯಾರೂ ಬಾಗಿಲು ಮುರಿಯಲಿಲ್ಲ. ಉಣ್ಣೆಯ ನೂಲು ಮಾರುವ ಒಂದು ಆನ್‌ಲೈನ್ ಅಂಗಡಿ. ಹಣ ಕೊಡುವ ಪುಟದ ಕೆಳಗೆ ಹಸಿರು ಗುರಾಣಿ, ಗುರಾಣಿಯಲ್ಲಿ ಬೀಗ, ಪಕ್ಕದಲ್ಲಿ ದಪ್ಪಕ್ಷರ: ‘ನೂರಕ್ಕೆ ನೂರು ಸುರಕ್ಷಿತ. ಪರಿಶೀಲಿಸಲಾಗಿದೆ.’ ಅದನ್ನು ನೋಡಿಯೇ ಕಾರ್ಡಿನ ನಂಬರ್ ಕೊಟ್ಟಳು.

ನಿನ್ನೆ ಬ್ಯಾಂಕಿನ ಉತ್ತರ ಬಂತು. ದೂರು ವಜಾ. ಕಾರಣ — ‘ಗ್ರಾಹಕರ ಅಜಾಗರೂಕತೆ’.

ಆಸ್ಪತ್ರೆಯ ಕ್ಯಾಷ್ ಕೌಂಟರಿನಲ್ಲಿ ಕೂತೇ ನಿವೃತ್ತಳಾದವಳು. ಸಂಜೆಯ ಲೆಕ್ಕ ಒಂದು ದಿನವೂ ತಪ್ಪಿಸಿದವಳಲ್ಲ. ಅವಳಿಗೆ ಈ ಪದ. ಹೋದ ಹಣ ಅವಳದೇ ನಿವೃತ್ತಿಯ ಹಣ. ಅದರ ಬಗ್ಗೆ ಒಂದು ಮಾತಿಲ್ಲ. ಆ ಪದವನ್ನು ಮಾತ್ರ ಎರಡು ಸಲ ಓದಿ, ಕಾಗದ ಮಡಚಿಟ್ಟಳು.

ಇವತ್ತು ಚಹಾ ನಾನೇ ಮಾಡಿದೆ. ಕಡ್ಡಿಪೆಟ್ಟಿಗೆಯನ್ನೂ ನಾನೇ ಹುಡುಕಿಕೊಂಡೆ.

ಫೆಬ್ರವರಿ ೫, ಸಂಜೆ

ತಂಗಿಯ ಮಗಳು ಬಂದಿದ್ದಳು. ವೆಬ್‌ಸೈಟ್ ಮಾಡುವ ಕೆಲಸ ಅವಳದು. ಲ್ಯಾಪ್‌ಟಾಪ್ ತೆರೆದು ಆ ಅಂಗಡಿಯ ಪುಟವನ್ನು ಒಳಗೆಲ್ಲ ಕೆದಕಿದಳು.

“ಮಾವ, ಅಂಗಡಿಯವನು ಕಳ್ಳ ಅಲ್ಲ. ಅವನ ಪುಟದೊಳಗೆ ಬೇರೆ ಯಾರೋ ನುಗ್ಗಿದ್ದಾರೆ. ಅತ್ತೆ ನಂಬರ್ ಹೊಡೀತಿದ್ದ ಹಾಗೇ ಅವರಿಗೂ ಒಂದು ಕಾಪಿ ಹೋಗಿದೆ. ಇವನಿಗೆ ಅದು ಗೊತ್ತೇ ಇಲ್ಲ.”

“ಮತ್ತೆ ಆ ಹಸಿರು ಬೀಗ?”

“ಅದು ಬರೀ ಚಿತ್ರ. ಯಾರು ಬೇಕಾದ್ರೂ ಅಂಟಿಸ್ಬೋದು. ನಿಜವಾದ್ದೂ ಇರತ್ತೆ ಮಾವ, ಇಲ್ಲ ಅಂತಲ್ಲ. ಅದನ್ನ ಒತ್ತಿದ್ರೆ ಕೊಟ್ಟವರ ಪುಟ ತೆರ್ಕೊಳ್ಳತ್ತೆ. ಅಂಗಡಿ ಹೆಸರು, ಯಾವತ್ತು ಚೆಕ್ ಮಾಡಿದ್ದು, ಎಲ್ಲಾ ಕಾಣತ್ತೆ. ಅತ್ತೆ ಒಂದ್ಸಲ ಒತ್ತಿ ನೋಡಿದ್ರೆ ಗೊತ್ತಾಗ್ತಿತ್ತು.”

ಅಡುಗೆಮನೆಯಿಂದ ಇವಳ ದನಿ: “ಒತ್ತಿದ್ದೆ ಕಣೇ.”

“ಒತ್ತಿದ್ರಾ? ಏನಾಯ್ತು?”

“ಏನೂ ಆಗ್ಲಿಲ್ಲ. ಅಲ್ಲಾಡ್ಲಿಲ್ಲ. ಸರಿ, ಗಟ್ಟಿ ಇದೆ ಅಂತ ಮುಂದಕ್ಕೆ ಹೋದೆ.”

ಹುಡುಗಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನು. ತಕ್ಕಡಿಯಲ್ಲಿಡುವ ಕಬ್ಬಿಣದ ತೂಕದ ಬಟ್ಟಿನ ತಳದಲ್ಲಿ ಒಂದು ಗುಳಿ, ಅದರೊಳಗೆ ಸೀಸ, ಸೀಸದ ಮೇಲೆ ನಮ್ಮ ಮುದ್ರೆ. ಬಟ್ಟನ್ನು ತಿರುವಿ ಹಾಕಿ ಉಗುರಿನಿಂದ ಒತ್ತಬೇಕು. ಸೀಸ ಮಿಸುಕಿದರೆ ಮೋಸ, ಮಿಸುಕದಿದ್ದರೆ ಸರಿ. ಮದುವೆಯಾದ ಹೊಸತರಲ್ಲಿ ಇವಳಿಗೆ ತೋರಿಸಿಕೊಟ್ಟಿದ್ದೆ. ಆಮೇಲೆ ಯಾವ ತರಕಾರಿಯವನನ್ನೂ ಬಿಟ್ಟವಳಲ್ಲ. ‘ಇನ್‌ಸ್ಪೆಕ್ಟರಮ್ಮ ಬಂದ್ರು, ಬಟ್ಟು ತೊಳೆದಿಡ್ರಪ್ಪ’ ಎಂದು ಸಾಲಿಗೆ ಸಾಲೇ ನಗುತ್ತಿತ್ತು.

ಆ ಮುದ್ರೆಯನ್ನು ಹೇಗೆ ನೋಡುತ್ತಿದ್ದಳೋ, ಫೋನಿನ ಗಾಜಿನ ಮೇಲಿನ ಈ ಚಿತ್ರವನ್ನೂ ಹಾಗೇ ನೋಡಿದ್ದಾಳೆ. ಒತ್ತಿದ್ದಾಳೆ. ಮಿಸುಕಲಿಲ್ಲ.

ಇದು ಅಜಾಗರೂಕತೆಯೇ?

ಫೆಬ್ರವರಿ ೧೧

ನೂಲಿನ ಅಂಗಡಿಯವನನ್ನು ಕಂಡು ಬಂದೆ. ಬಸ್ಸಿನಲ್ಲಿ ಹೋಗುವಷ್ಟೇ ದೂರ. ಟೈರ್ ಅಂಗಡಿಯ ಮೇಲಿನ ಮಹಡಿ, ಇಕ್ಕಟ್ಟಾದ ಮೆಟ್ಟಿಲು. ಒಳಗೆ ಸೂರಿನವರೆಗೆ ರಟ್ಟಿನ ಪೆಟ್ಟಿಗೆ. ಇಬ್ಬರು ಹೆಂಗಸರು ನೆಲದ ಮೇಲೆ ಕೂತು ಟೇಪು ಸುತ್ತುತ್ತಿದ್ದರು. ಮಾಲೀಕ ನಲವತ್ತರವನು, ಕಣ್ಣಲ್ಲಿ ನಿದ್ದೆಯಿಲ್ಲ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತಾನು ಪೆಟ್ಟಿಗೆಯ ಮೇಲೆ ಕೂತ.

“ಅಂಕಲ್, ಪುಟ ಈಗ ಸರಿ ಮಾಡ್ಸಿದ್ದೀನಿ. ನಿಜವಾಗ್ಲೂ ಗೊತ್ತಿರ್ಲಿಲ್ಲ.”

“ಪರಿಶೀಲಿಸಲಾಗಿದೆ ಅಂತ ಹಾಕಿದ್ದೀರಲ್ಲ. ಯಾರ ಹತ್ರ ಮಾಡಿಸಿದ್ರಿ?”

“ಡಿಸೈನರ್ ಹಾಕ್ದ. ಎಲ್ಲಾರೂ ಹಾಕ್ತಾರೆ.”

“ಪರಿಶೀಲನೆ?”

“ಮಾಡಿಸ್ಬೇಕು ಅಂತ ಇದೆ.”

“ಹಾಗಾದ್ರೆ ಹಾಗೇ ಬರೀರಿ. ‘ಪರಿಶೀಲನೆ ಮಾಡಿಸ್ಬೇಕು ಅಂತ ಇದೆ.’ ಹಸಿರು ಬಣ್ಣದಲ್ಲೇ ಬರೀರಿ.”

ಟೇಪು ಸುತ್ತುತ್ತಿದ್ದವಳೊಬ್ಬಳು ಕಿಸಕ್ಕೆಂದಳು. ಅವನೂ ನಕ್ಕ. ಆಮೇಲೆ ನಗಲಿಲ್ಲ.

“ಒಂದ್ಸಲ ಆ ಚಿತ್ರ ತೆಗೆದು ನೋಡಿದ್ದೀನಿ ಅಂಕಲ್. ಆ ವಾರ ಜನ ನೂಲು ಆರಿಸ್ತಾರೆ, ದುಡ್ಡು ಕೊಡೋ ಪುಟದ ತನಕ ಬರ್ತಾರೆ, ಹಾಗೇ ವಾಪಸ್ ಹೋಗ್ತಾರೆ. ದೊಡ್ಡ ಅಂಗಡಿಗೆ ಹೆಸರೇ ಸಾಕು. ನನ್ನಂಥವನನ್ನ ಯಾರು ನಂಬ್ತಾರೆ? ಚಿತ್ರ ನೋಡಿ ನಂಬ್ತಾರೆ.”

ಕೇಳಬೇಕಾದ್ದನ್ನು ಕೇಳಿದೆ — ತಪ್ಪು ನಮ್ಮ ಪುಟದ್ದು, ಆ ತಾಯಿಯದಲ್ಲ ಎಂದು ಬ್ಯಾಂಕಿಗೆ ಒಂದು ಸಾಲು ಬರೆದುಕೊಡಿ.

ಹೆಂಗಸರ ಕಡೆ ನೋಡಿದ. ದನಿ ಇಳಿಸಿದ.

“ಬರ್ಕೊಟ್ರೆ ನಾಳೆ ಬಾಗಿಲು ಹಾಕ್ಬೇಕು. ಇವರಿಬ್ಬರ ಮನೆ ಇದ್ರಲ್ಲೇ ನಡೀತಿರೋದು.”

ಹೊರಡುವಾಗ ನೀಲಿ ನೂಲಿನ ಉಂಡೆಗಳನ್ನು ಕೈಗೆ ತುರುಕಲು ಬಂದ. ತೆಗೆದುಕೊಳ್ಳಲಿಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ — ಅದೇ ಸಿಟ್ಟು.

ಫೆಬ್ರವರಿ ೧೨

ಹಳೆಯದೊಂದು ನೆನಪಾಯಿತು. ಸಗಟು ಪೇಟೆಯ ಧಾನ್ಯದ ವ್ಯಾಪಾರಿಯೊಬ್ಬ ಬಟ್ಟಿನ ಒಳಗನ್ನು ಕೊರೆದು, ಸುಳ್ಳು ಮುದ್ರೆ ಒತ್ತಿಸಿದ್ದ. ಸಿಕ್ಕಿಬಿದ್ದ. ಪೇಟೆಯ ಬಾಗಿಲಲ್ಲಿ ಮೈಕು ಕಟ್ಟಿ ಅವನ ಹೆಸರು, ಅಂಗಡಿ ನಂಬರ್ ಓದಿ ಹೇಳಿದೆವು. ಅಲ್ಲಿ ಕೊಂಡವರನ್ನು ‘ನೀವೇಕೆ ಕೊಂಡಿರಿ’ ಎಂದು ಯಾರೂ ಕೇಳಲಿಲ್ಲ. ಅಂಥ ಪ್ರಶ್ನೆ ಹೊಳೆಯಲೂ ಇಲ್ಲ. ಹಿಂದಿನದೆಲ್ಲ ಚಿನ್ನವಾಗಿತ್ತು ಎನ್ನುವವನಲ್ಲ ನಾನು. ನಮ್ಮ ಇಲಾಖೆಯಲ್ಲೂ ಕೈ ಚಾಚುವವರಿದ್ದರು. ಆದರೆ ಪ್ರತಿ ಮುದ್ರೆಯ ಹಿಂದೆ ಒಬ್ಬ ಮನುಷ್ಯನಿದ್ದ. ಹಿಡಿದು ನಿಲ್ಲಿಸಬಹುದಿತ್ತು.

ಫೆಬ್ರವರಿ ೨೪

ಪತ್ರಿಕೆಗೆ ಬರೆದಿದ್ದೆ. ಮೊನ್ನೆ ಉಪಸಂಪಾದಕರ ಫೋನ್. “ಸರ್, ಪತ್ರ ತುಂಬ ಚೆನ್ನಾಗಿದೆ. ಅಂಗಡಿ ಹೆಸರು ತೆಗೀತೀವಿ. ಬ್ಯಾಂಕ್ ಹೆಸರೂ ತೆಗೀಬೇಕಾಗತ್ತೆ.”

“ನನ್ನ ಹೆಸರು ಇರತ್ತಾ?”

“ಅಯ್ಯೋ, ಅದಿದ್ದೇ ಇರತ್ತೆ ಸರ್.”

ಇವತ್ತು ಬಂದಿದೆ. ಆರು ಸಾಲು. ತಲೆಬರಹ — ‘ಗ್ರಾಹಕರೇ, ಎಚ್ಚರ!’ ಮತ್ತೆ ನಮಗೇ ಬುದ್ಧಿವಾದ. ಕುತೂಹಲಕ್ಕೆ ಪತ್ರಿಕೆಯ ಚಂದಾ ಕಟ್ಟುವ ಪುಟ ತೆರೆದೆ. ಅಲ್ಲೂ ಹಸಿರು ಗುರಾಣಿ. ಒತ್ತಿದೆ. ಏನೂ ತೆರೆಯಲಿಲ್ಲ.

ಪತ್ರಿಕೆಯನ್ನು ಇವಳ ಕಣ್ಣಿಗೆ ಬೀಳದಂತೆ ಎತ್ತಿಟ್ಟೆ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಂದು ಇವಳಿಗೆ, “ಓದಿದೆ ಕಣ್ರೀ… ಪಾಪ, ವಯಸ್ಸಾದ್ಮೇಲೆ ನಮಗೆಲ್ಲ ಇದು ಯಾಕೆ ಬೇಕು ಹೇಳಿ” ಎಂದು ಸಮಾಧಾನ ಹೇಳಿ ಹೋದಳು.

ಮಾರ್ಚ್ ೧೭, ಬೆಳಿಗ್ಗೆ

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದಿರಲಿಲ್ಲ.

ಔಷಧಿ ಅಂಗಡಿಗೆ ಇಬ್ಬರೂ ಹೋಗಿದ್ದೆವು. ಅಂಗಡಿಯವನು ಚಿಲ್ಲರೆ ಕೊಟ್ಟ. ಇವಳು ಎಣಿಸದೆ ನನ್ನ ಕೈಗಿಟ್ಟಳು. “ನೀವೇ ನೋಡಿ. ನನಗೆ ತಿಳಿಯಲ್ಲ.”

ಕಂತೆ ಕಂತೆ ನೋಟನ್ನು ಕಣ್ಣಳತೆಯಲ್ಲೇ ಹೇಳುತ್ತಿದ್ದವಳು.

ದಾರಿಯಲ್ಲಿ ರೇಗಿದೆ. “ಏನು ತಿಳಿಯಲ್ಲ ನಿಂಗೆ? ನಾಟಕ ಆಡ್ಬೇಡ.”

“ರೇಗ್ಬೇಡಿ. ಜನ ನೋಡ್ತಾರೆ.”

ಅಷ್ಟೇ. ಮೊದಲಾಗಿದ್ದರೆ ಮನೆ ಮುಟ್ಟುವವರೆಗೆ ನನ್ನ ನೀರಿಳಿಸುತ್ತಿದ್ದಳು.

ಮಾರ್ಚ್ ೨೫

ಬ್ಯಾಂಕಿಗೆ ನಾನು ಹಾಕಿದ್ದ ಮೇಲ್ಮನವಿಗೂ ಅದೇ ಉತ್ತರ. ಅದೇ ಪದ. ನನಗಿಂತ ಮೊದಲು ಲಕೋಟೆ ಒಡೆದವಳು ಅವಳು.

“ಸರಿಯಾಗೇ ಬರ್ದಿದ್ದಾರೆ ಬಿಡಿ” ಎಂದಳು.

“ಏನು ಸರಿ?”

“ನಾನೇ ತಾನೇ ಕೊಟ್ಟಿದ್ದು. ಯಾರೂ ಕೈ ತಿರುಚಿ ಕಿತ್ಕೊಳ್ಳಲಿಲ್ಲವಲ್ಲ.”

ದನಿಯಲ್ಲಿ ಅಳುವಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಬ್ಯಾಂಕು ಬರೆದದ್ದನ್ನು ಅವಳು ಒಪ್ಪಿಕೊಂಡುಬಿಟ್ಟಿದ್ದಾಳೆ. ಹಣ ಕದ್ದವರೂ ಅವಳಿಂದ ಇಷ್ಟು ಕಿತ್ತುಕೊಂಡಿರಲಿಲ್ಲ.

ಮಾರ್ಚ್ ೨೭, ಮಧ್ಯಾಹ್ನ

ನಾಳೆ ಪುರಭವನದಲ್ಲಿ ಗ್ರಾಹಕರ ಬಹಿರಂಗ ಸಭೆ. ಬ್ಯಾಂಕಿನವರು, ವರ್ತಕರ ಸಂಘದವರು, ಅಧಿಕಾರಿಗಳು ಬರುತ್ತಾರಂತೆ. ಮಾತಾಡಲು ಹೆಸರು ಕೊಟ್ಟು ಬಂದೆ. ಇವಳನ್ನೂ ಕರೆದೆ.

“ನೀವು ಹೋಗ್ಬನ್ನಿ. ನನ್ನ ಹೆಸರು ಮಾತ್ರ ಎತ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಎತ್ತುವುದಿಲ್ಲ. ಹಣದ ಮಾತೂ ಎತ್ತುವುದಿಲ್ಲ. ಆ ಚಿತ್ರಗಳೇ ಬೇಡ ಎಂದೂ ಹೇಳುವುದಿಲ್ಲ. ಮಂಡಿನೋವಿನಿಂದ ಅಂಗಡಿಗೆ ಹೋಗಲಾರದೆ ಮನೆಯಲ್ಲೇ ಉಳಿದವರಿಗೆ, ಹೆಸರಿಲ್ಲದ ಸಣ್ಣ ಅಂಗಡಿಯವನಿಗೆ, ನಡುವೆ ನಂಬಿಕೆಯ ಗುರುತೊಂದು ಬೇಕು. ಇರಲಿ. ಆದರೆ ಅದನ್ನು ಕೊಟ್ಟವರೊಬ್ಬರಿರಲಿ. ಅವರಿಗೊಂದು ವಿಳಾಸವಿರಲಿ. ಸುಳ್ಳು ಗುರುತು ಹಾಕಿದ ಅಂಗಡಿಯಲ್ಲಿ ಕಳೆದುಕೊಂಡವರ ಮೇಲೆ ತಪ್ಪು ಹೊರಿಸುವ ಅಧಿಕಾರ ಯಾವ ಬ್ಯಾಂಕಿಗೂ ಬೇಡ.

ಕೇಳುವುದು ಇಷ್ಟೇ. ‘ನಂಬಿ’ ಎಂದು ಬರೆದವರು ಜಾಗರೂಕರು, ನಂಬಿದವರು ಅಜಾಗರೂಕರು — ಇದು ಹೇಗೆ? ವೇದಿಕೆಯ ಮೇಲಿರುವವರಲ್ಲಿ ಒಬ್ಬರು ಎದ್ದು ನಿಂತು ಹೇಳಬೇಕು. ಲಕೋಟೆಯಲ್ಲಿ ಉತ್ತರ ಬೇಡ, ಎರಡು ಬಂದಿವೆ. ಎಲ್ಲರ ಎದುರಿಗೆ, ಮೈಕಿನಲ್ಲಿ, ನಾಳೆಯೇ, ಆ ಒಂದು ಪದವನ್ನು ವಾಪಸ್ ತೆಗೆದುಕೊಳ್ಳಬೇಕು.