ಎಡೆ ಇಟ್ಟ ಕೋಣೆಯ ಹೊರಗೆ

8 ಆಗಸ್ಟ್ 2011, ಸೋಮವಾರ

ವಂಡ್ಸೆ ಬಸ್ಸು ಇವತ್ತೂ ತಪ್ಪಿತು. ಮುಂದಿನದರಲ್ಲಿ ನಿಂತೇ ಹೋದೆ. ಆರನೇ ಕ್ಲಾಸಿನವರ ಪ್ರವಾಸದ ಪ್ರಬಂಧ ತಿದ್ದಿದೆ. ಎಲ್ಲರದ್ದೂ ಒಂದೇ ಕೊನೆ — 'ಹೀಗೆ ನಮ್ಮ ಪ್ರವಾಸವು ಬಹಳ ಸಂತೋಷದಿಂದ ಮುಗಿಯಿತು.' ಗೋಪಿಯನ್ನು ಎಬ್ಬಿಸಿ ನಿಲ್ಲಿಸಿದೆ.

"ದಾರಿ ಉದ್ದಕ್ಕೂ ವಾಂತಿ ಮಾಡಿದ್ಯಲ್ಲ, ಸಂತೋಷ ಎಲ್ಲಿತ್ತ್?"

"ಕೊನಿಗೆ ಹಾಂಗೇ ಬರೀಕಲ್ದಾ ಟೀಚರ್?"

"ವಾಂತಿನೇ ಬರಿ."

"ವಾಂತಿಗೆ ಯಾರ್ ಮಾರ್ಕ್ ಕೊಡ್ತ್ರ್?"

ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗೂ ನಗು ಬಂತು. ಬಂದದ್ದು ಆಮೇಲೆ ಗೊತ್ತಾಯಿತು.

10 ಆಗಸ್ಟ್, ಬುಧವಾರ

ಕೊನೆ ಬರೆಯುವುದು ಹೇಗೆ ಎಂದು ನನಗೂ ಯಾರೂ ಕಲಿಸಿಲ್ಲ. ಟಿಸಿಎಚ್‌ನಲ್ಲಿ ಹೇಳಿದ್ದು ಪೀಠಿಕೆ, ವಿವರಣೆ, ಉಪಸಂಹಾರ. ಅಷ್ಟೇ. ಬೋರ್ಡಿನ ಮೇಲೆ ನಾನೇ ಒಂದು ಸಾಲು ಬರೆದೆ — 'ಮನಸ್ಸಿನಲ್ಲಿ ಉಳಿದದ್ದು ಯಾವುದೋ, ಅಲ್ಲಿ ನಿಲ್ಲಿಸಿ.' ಬರೆದು ಕೈ ಅಲ್ಲೇ ನಿಂತಿತು.

ನನಗೆ ಉಳಿದದ್ದು ಅರ್ಧ ವಾಕ್ಯ. ಕಳೆದ ವರ್ಷ ಮೇ ತಿಂಗಳು. ನನ್ನ ಗಂಡ ಚಂದ್ರ ಗಂಗೊಳ್ಳಿಗೆ ಬಲೆ ಕೆಲಸಕ್ಕೆ ಹೊರಟವರು. ಅಂಗಳದಲ್ಲಿ ಚಪ್ಪಲಿ ಹಾಕುತ್ತಾ, "ನಾ ಬಪ್ಪತಿಗೆ ನೀ ಆ..." ಅಷ್ಟರಲ್ಲಿ ರಸ್ತೆಯಲ್ಲಿ ಜೊತೆಯವನ ಬೈಕು ಹಾರ್ನ್ ಹಾಕಿತು. ಓಡಿದರು. ಕೋಟೇಶ್ವರ ದಾಟುವಾಗ ಲಾರಿ.

ಅವರು ಬರುವಷ್ಟರಲ್ಲಿ ನಾನು ಆ... ಎಂತದ್ದು? ಆ ಅಂಗಿಯಾ? ಆ ಗೇಟಾ?

17 ಆಗಸ್ಟ್, ಬುಧವಾರ

ಸ್ಪರ್ಧೆಗೆ ಕಳಿಸುವ ಪ್ರಬಂಧ — 'ನಮ್ಮ ಮನೆಯ ಒಂದು ಆಚರಣೆ'. ಮೋಕ್ಷಿತಾ ಅಜ್ಜನಿಗೆ ಎಡೆ ಇಟ್ಟದ್ದನ್ನು ಬರೆದಿದ್ದಾಳೆ. ಮಹಾಲಯ ಅಮಾವಾಸ್ಯೆಯ ದಿನ ತೀರಿಹೋದವರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದೆಲ್ಲ ಬಡಿಸಿ, ಬಾಗಿಲು ಹಾಕಿ ಹೊರಗೆ ಕಾಯುವುದು. ಅವರು ಉಣ್ಣುವಾಗ ನೋಡಬಾರದು, ಬಾಗಿಲು ಬಡಿದೇ ತೆರೆಯಬೇಕು. ಚೆಂದ ಬರೆದಿದ್ದಾಳೆ. ಕೊನೆಗೆ ಮಾತ್ರ — 'ಆದ್ದರಿಂದ ನಾವು ಹಿರಿಯರನ್ನು ಗೌರವಿಸಬೇಕು.'

"ನಿಂಗೆ ಜಾಸ್ತಿ ನೆನಪಿಪ್ದ್ ಎಂತ?" ಕೇಳಿದೆ.

"ಅಜ್ಜಿ ಬಾಗ್ಲ್ ಬಡ್ದದ್ದ್. 'ಹ್ವಾಯ್, ಉಂಡಾಯ್ತಾ?' ಅಂದೇಳಿ ಕೇಂಡದ್ದ್."

"ಮತ್ತೆ?"

"ಮತ್ತೆಂತ ಇಲ್ಲೆ. ಹಾಂಗೇ ನಿಂತ್ಕಂಡಿದ್ರ್."

"ಅಲ್ಲೇ ನಿಲ್ಸ್."

"ಬಾಗ್ಲ್ ತೆಗೀದೇ?"

"ತೆಗೀದೇ."

ನನ್ನ ಮುಖ ನೋಡಿದಳು. ಆಮೇಲೆ 'ಗೌರವಿಸಬೇಕು' ಸಾಲಿನ ಮೇಲೆ ತಾನೇ ಸ್ಕೇಲಿಟ್ಟು ಗೆರೆ ಎಳೆದಳು.

ಬಸ್ಸಿನಲ್ಲಿ ನಿಂತುಕೊಂಡೇ ಇನ್ನೊಮ್ಮೆ ಓದಿದೆ. ಓದಬಾರದಿತ್ತು. ಪಕ್ಕದ ಹೆಂಗಸು ಸೀಟು ಬಿಟ್ಟುಕೊಟ್ಟಳು.

26 ಆಗಸ್ಟ್

ಹೆಡ್‌ಮಾಸ್ಟರ್ ಮಂಜಯ್ಯನವರು ಪ್ರಬಂಧ ಹಿಡಿದುಕೊಂಡು ಬಂದರು. "ಹ್ವಾಯ್ ಟೀಚರೇ, ಇದ್ರ ನೀತಿ ಎಲ್ಲಿಗ್ ಹೋಯ್ತ್? ಬಸ್ಸಂಗೆ ಕೂರ್ಸಿ ಅರ್ಧ ದಾರೀಲ್ ಇಳ್ಸದಾಂಗಾಯ್ತಲ್ಲ!"

"ಹಾಂಗೇ ಇರ್ಲಿ ಸರ್."

"ಒಂದ್ ಸಾಲ್ ಸೇರ್ಸುಕೆ ಎಂತ?"

"ಇರ್ಲಿ ಸರ್."

ನಾನು ಎದುರು ಹೇಳಿದ್ದು ಇದೇ ಮೊದಲು. ಅವರಿಗೂ ಆಶ್ಚರ್ಯ ಆಗಿರಬೇಕು. ಸಹಿ ಹಾಕಿದರು.

16 ಸೆಪ್ಟೆಂಬರ್

ಬಹುಮಾನ ಬರಲಿಲ್ಲ. ಹಾಳೆಯ ಅಡಿಯಲ್ಲಿ ಕೆಂಪು ಶಾಯಿ — 'ಅಪೂರ್ಣ'. ಮೋಕ್ಷಿತಾ ಅದನ್ನು ಬೆರಳಿನಿಂದ ಉಜ್ಜಿ ನೋಡಿದಳು. "ಮುಗ್ದಿತ್ತಲ್ದಾ ಟೀಚರ್?"

"ಮುಗ್ದಿತ್ತ್," ಎಂದೆ.

ಹೇಳುವಾಗ ಸ್ವರ ಗಟ್ಟಿ ಇತ್ತು. ಬೇರೆ ಯಾರೋ ಹೇಳಿದ ಹಾಗೆ.

25 ಸೆಪ್ಟೆಂಬರ್, ಭಾನುವಾರ

ಅಮಾವಾಸ್ಯೆಗೆ ಎರಡು ಎಲೆ ಸಾಕು ಎಂದರು ಅತ್ತೆ. ಒಂದು ಮಾವನಿಗೆ. ಇನ್ನೊಂದು ಯಾರಿಗೆ ಎನ್ನುವ ಮೊದಲೇ ಕಾಯಿ ತರಲು ಎದ್ದರು.

ಹೋದ ಸಲ ವರ್ಷ ತುಂಬಿರಲಿಲ್ಲ. ಹಾಗಾಗಿ ಎಲೆ ಹಾಕುವುದು ತಪ್ಪಿತ್ತು. ಎಲೆ ಹಾಕಿದ ಮೇಲೆ ಚಂದ್ರ ಸತ್ತವರ ಸಾಲಿನವರು. ಇಲ್ಲಿಯ ತನಕ ಅಂಗಳದಲ್ಲಿ ಮಾತು ಅರ್ಧ ಬಿಟ್ಟು ಹೋದವರು, ಅಷ್ಟೇ.

"ಬಾಗ್ಲ್ ನೀನೇ ಬಡಿ," ಎಂದರು ಅತ್ತೆ.

"ನಂಗ್ ಆತಿಲ್ಲೆ. ನೀವೇ ಬಡೀರಿ."

"ಅವ್ನ ಅಪ್ಪಂಗೆ ಇಷ್ಟ್ ವರ್ಷ ಬಡ್ದೆ. ಮಗಂಗೂ ಬಡೀ ಅಂತ್ಯಾ?"

ತೆಂಗಿನಕಾಯಿ ತುರಿಯುತ್ತಾ ಕೂತರು. ಎರಡು ಕಾಯಿ ಬೇಕಾದಲ್ಲಿ ಮೂರು ತುರಿದರು.

27 ಸೆಪ್ಟೆಂಬರ್, ಮಧ್ಯಾಹ್ನ

ರಜೆ ಹಾಕಿದೆ. ಕುಚ್ಚಲಕ್ಕಿ ಅನ್ನ, ಬೈಗೆ ಮೀನಿನ ಸಾರು, ಸಕ್ಕರೆ ಜಾಸ್ತಿ ಹಾಕಿದ ಚಾ. ಅಪ್ಪ ಮಗ ಅಕ್ಕಪಕ್ಕ. ಮೀನಿನ ಬಾಲದ ತುಂಡು ನನ್ನವರ ಎಲೆಗೇ ಹಾಕಿದೆ. ಬಾಗಿಲು ಹಾಕಿ ಹೊರಗೆ ಕೂತಿದ್ದೇವೆ.

ಒಳಗೆ ಫ್ಯಾನ್ ಹಾಕಿ ಬರಬೇಕಿತ್ತು. ಸೆಕೆ ಅವರಿಗೆ ಆಗುವುದಿಲ್ಲ.

"ಸಾಕ್ ಬರ್ದದ್ದ್, ಮಗಾ. ಚಾ ತಣ್ಗಾಯ್ತ್," ಎನ್ನುತ್ತಾರೆ ಅತ್ತೆ. ಬಾಗಿಲ ಕಡೆಗೆ ಬೆನ್ನು ಹಾಕಿ ಕೂತಿದ್ದಾರೆ.

ಒಂದು ಕೇಳಲಿಕ್ಕಿದೆ. ಆ... ಎಂದದ್ದು ಎಂತ ಅಂತ. ಬೇಡ. ಉಣ್ಣುವಾಗ ಮಾತಾಡಿಸಿದರೆ ಅವರಿಗೆ ಸಿಟ್ಟು. ಎಲ್ಲರೂ ಕೇಳುವುದನ್ನೇ ಕೇಳುತ್ತೇನೆ. ಕೇಳಿ, ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಏಳಬೇಕು. ಮೊದಲು ಬಡಿಯುವುದು. ಆಮೇಲೆ — ಹ್ವಾಯ್,