ಚಿಕ್ಕಬೋರಮ್ಮನ ಮುಖ ಬರೆದ ಲ್ಯಾಪ್‌ಟಾಪು

ಹೊಳಲು
೯ ನವೆಂಬರ್ ೨೦೨೫, ಭಾನುವಾರ

ಶಶಿಧರ್ ಅವರಿಗೆ ಅರ್ಪಿತ ಮಾಡುವ ನಮಸ್ಕಾರ.

ನಾವಿಲ್ಲಿ ಚೆನ್ನಾಗಿದ್ದೇವೆ. ನೀವು ಹೇಗಿದ್ದೀರಿ ಎಂದು ಮುದ್ದಯ್ಯ ಮಾವ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕು ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನಿಮ್ಮ ಸೋದರಮಾವ ಬಂದದ್ದು ರಾಯಭಾರಕ್ಕೆ. ಕೇಳಿದ್ದರೆ ಅದನ್ನೇ ಅರ್ಧ ಒಪ್ಪಿಗೆ ಎಂದುಕೊಂಡು ಮದ್ದೂರಿನವರೆಗೂ ಡಂಗುರ ಸಾರಿಕೊಂಡು ಹೋಗುತ್ತಿದ್ದರು.

ಫೋನಿನಲ್ಲಿ ಹೇಳದೆ ಕಾಗದ ಯಾಕೆ ಎನ್ನಬೇಡಿ. ವಾಯ್ಸ್ ಮೆಸೇಜು ಕಳಿಸಿದರೆ ನೀವು ಫ್ಲೆಕ್ಸ್ ಅಂಗಡಿಯಲ್ಲೇ ಜೋರಾಗಿ ಹಾಕುತ್ತೀರಿ. ಪ್ರಿಂಟಿಂಗ್ ಮೆಷಿನ್ ನೋಡಿಕೊಳ್ಳುವ ಅಂಬರೀಶನಿಂದ ಹಿಡಿದು ಪಕ್ಕದ ಟೀ ಅಂಗಡಿಯವರವರೆಗೆ ಎಲ್ಲರಿಗೂ ನಮ್ಮ ಸಂಸಾರ ಕೇಳಿಸುತ್ತದೆ. ಬರೆದದ್ದನ್ನಾದರೆ ಒಬ್ಬರೇ ಓದಬೇಕು. ಇದನ್ನು ನನ್ನ ಹೊಸ ಲ್ಯಾಪ್‌ಟಾಪಿನ ಪರದೆಯ ಮೇಲೆ ಅದರದೇ ಪೆನ್ನಿನಿಂದ ಬರೆದು, ಮಂಡ್ಯದಲ್ಲಿ ಪ್ರಿಂಟು ಹಾಕಿಸಿ ಕಳಿಸುತ್ತಿದ್ದೇನೆ. ಕೈಬರಹ ನನ್ನದೇ, ಗುರುತು ಸಿಕ್ಕೀತು.

ಮಾವ ಹೇಳಿದ್ದು ಇಷ್ಟು: 'ಸಸಿ ದೊಡ್ಡ ಪರದೆ ಇರೋ ಕಂಪ್ಯೂಟ್ರು ತಂದ್ ಮಡಗವ್ನೆ ಕಣವ್ವ. ಕುರ್ಚಿನೂ ಒಸ್ದು. ನೀನ್ ಬಂದ್ ಕೂತ್ಕೊಂಡ್ರೆ ಸಾಕು ಅಂತವ್ನೆ. ಆ ಸಣ್ಣದ್ನ ಮಾರ್ಬುಡು ಅತ್ಲಾಗೆ.' ಮಾರುವುದಿಲ್ಲ. ಆ ಕುರ್ಚಿಯಲ್ಲಿ ಕೂರುವುದೂ ಇಲ್ಲ. ಯಾಕೆ ಎಂದು ನಿಮಗೆ ಗೊತ್ತಿದೆ, ಆದರೆ ಪೂರ್ತಿ ಗೊತ್ತಿಲ್ಲ. ಆ ದಿನ ನಾನು ಹೇಳಲು ಹೊರಟಾಗ ನೀವು ನಕ್ಕುಬಿಟ್ಟಿರಿ. ಈಗ ಮೊದಲಿನಿಂದ ಹೇಳುತ್ತೇನೆ.

ಆತಗೂರಿನ ಬೋರಯ್ಯನವರ ಹೆಂಡತಿ ಚಿಕ್ಕಬೋರಮ್ಮ ತೀರಿಕೊಂಡಾಗ ನಾನು ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ಹೊಳಲಿಗೆ ಬಂದಿದ್ದೆ. ತಿಥಿಯ ಫ್ಲೆಕ್ಸನ್ನು ನೀವೇ ಮಾಡಿದಿರಿ. ಅವರ ಮಗ ತಂದುಕೊಟ್ಟದ್ದು ಆಧಾರ್ ಕಾರ್ಡು ಒಂದೇ, ಅದರಲ್ಲಿ ಮುಖವೆಂದರೆ ಬರೀ ಹೊಗೆ. ದೊಡ್ಡದು ಮಾಡಿದರೆ ಇನ್ನೂ ದೊಡ್ಡ ಹೊಗೆ. ಪಟ ಸರಿ ಬರುತ್ತಿಲ್ಲ, ಹೂವು ದೀಪ ಹಾಕಿ ಹೆಸರಷ್ಟೇ ಬರೆಯುತ್ತೇನೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದು ಬಿಟ್ಟು, ಹಿಂದೆ ನಾನು ಮಾಡಿದ್ದ ಮಳವಳ್ಳಿ ಕಡೆಯ ಪಟ್ಟಲಮ್ಮ ಎಂಬ ಅಜ್ಜಿಯ ತಿಥಿ ಫ್ಲೆಕ್ಸಿನಿಂದ ಅವರ ಮುಖ ತೆಗೆದು, ತಲೆಯ ಮೇಲೆ ಸೆರಗು ಎಳೆದು, ಕೆಳಗೆ ಚಿಕ್ಕಬೋರಮ್ಮ ಎಂದು ಹಾಕಿದಿರಿ. ಮಗ ಸುರುಳಿ ಬಿಚ್ಚಿಯೂ ನೋಡದೆ ಒಯ್ದ.

ಚಿಕ್ಕಬೋರಮ್ಮನ ಮಗಳು ಶಾಲಿನಿ ನನ್ನ ಜೊತೆ ಓದಿದವಳು. ಅದಕ್ಕೇ ತಿಥಿಗೆ ಹೋದೆ. ಚಪ್ಪರದ ಪಕ್ಕ ನಿಲ್ಲಿಸಿದ್ದ ಫ್ಲೆಕ್ಸಿನಲ್ಲಿ ಇದ್ದದ್ದು ಪಟ್ಟಲಮ್ಮನವರ ಮುಖ. ಆ ಕೆನ್ನೆಗೆ ಬಣ್ಣ ತುಂಬಿದವಳು ನಾನು, ನನಗೆ ಗುರುತು ಸಿಗುವುದಿಲ್ಲವೇ? ಮಕ್ಕಳೇನೋ 'ಫ್ಲೆಕ್ಸ್‌ನೋರು ಒಸಿ ಮೇಕಪ್ ಮಾಡವ್ರೆ' ಎಂದು ಸಮಾಧಾನ ಮಾಡಿಕೊಂಡಿದ್ದರು. ಎಡೆ ಇಡುವ ಹೊತ್ತಾಯಿತು. ಬಾಳೆಲೆಯ ತುಂಬ ಮುದ್ದೆ, ಕಾಳುಸಾರು, ಕಜ್ಜಾಯ, ಪಕ್ಕದಲ್ಲಿ ಆಕೆ ಬಾಯಿಂದ ಬಿಡದೆ ಇದ್ದ ಎಲೆಅಡಿಕೆ. ಬೋರಯ್ಯನವರು ಎಲೆ ಹಿಡಿದು ಫ್ಲೆಕ್ಸಿನ ಮುಂದೆ ಬಂದರು, ತಲೆ ಎತ್ತಿ ನೋಡಿದರು. 'ಇವ್ಳ್ಯಾರ್ಲಾ?' ಎಂದು ಮಗನನ್ನು ಕೇಳಿದರು. 'ಅವ್ವನೇ ಕಣಪ್ಪ' ಎಂದ ಅವನು. 'ನನ್ನೆಡ್ತಿ ನಂಗೊತ್ತಿಲ್ವೇನ್ಲಾ? ಯಾರೋ ಎಂಗ್ಸಿಗೆ ನಾನ್ಯಾಕ್ ಎಡೆ ಇಕ್ಲಿ? ನನ್ನೋಳು ಎಲ್ಲೋ ಅಸ್ಕೊಂಡ್ ನಿಂತಿರ್ತಾಳೆ' ಎಂದು ಎಲೆಯನ್ನು ಹಾಗೇ ಎತ್ತಿಕೊಂಡು ಒಳಗೆ ಹೋಗಿಬಿಟ್ಟರು. ಚಪ್ಪರದಲ್ಲಿದ್ದ ಯಾರಿಗೂ ಆಮೇಲೆ ಊಟ ಸೇರಲಿಲ್ಲ.

ಮನೆಗೆ ಬಂದು ನಿಮಗೆ ಹೇಳಿದೆ. 'ಅಜ್ಜೀರೆಲ್ಲ ಒಂದೇ ತರ ಇರ್ತಾರೆ ಬುಡೇ. ತಲೆ ಮ್ಯಾಲೆ ಸೆರಗಾಕುದ್ರೆ ಯಾರ್ಗ್ ಗೊತ್ತಾಯ್ತದೆ?' ಎಂದಿರಿ. ಆತಗೂರಿಗೆ ಹೋಗಿ ತಪ್ಪಾಯಿತು ಎಂದು ಒಂದು ಮಾತು ಹೇಳಿ ಬನ್ನಿ ಎಂದೆ. ಅಂಗಡಿಯ ಮರ್ಯಾದೆ ತೆಗೆಯಬೇಡ, ಬಾಯಿ ಮುಚ್ಚಿಕೊಂಡು ಕೂತುಕೋ ಎಂದಿರಿ. ಬಾಯಿ ಮುಚ್ಚಿಕೊಂಡೇ ಬಟ್ಟೆ ತುಂಬಿಕೊಂಡೆ. ಬೇರೆ ಹೆಂಗಸಿನ ಕಾರಣಕ್ಕೆ ಗಂಡನ ಮನೆ ಬಿಟ್ಟವರು ಊರ ತುಂಬ ಇದ್ದಾರೆ. ತೀರಿಹೋದ ಅಜ್ಜಿಯ ಕಾರಣಕ್ಕೆ ಬಿಟ್ಟವಳು ನಾನೊಬ್ಬಳೇ ಇರಬೇಕು.

ನೀವು ಹೋಗಲಿಲ್ಲ, ನಾನು ಹೋದೆ. ಪಿತೃಪಕ್ಷದ ಎಡೆ ಇಡುವ ಹೊತ್ತಿಗೆ ಚಿಕ್ಕಬೋರಮ್ಮನ ಮುಖವನ್ನು ಬರೆದುಕೊಡುತ್ತೇನೆ ಎಂದು ಬೋರಯ್ಯನವರಿಗೆ ಮಾತು ಕೊಟ್ಟೆ. ನಾನು ಆಕೆಯನ್ನು ನೋಡಿದ್ದು ಒಂದೆರಡು ಸಲ, ಅಷ್ಟೆ. ಮನೆಯವರು ಹೇಳಬೇಕು, ನಾನು ಬರೆಯಬೇಕು. ಹಾಳೆ ಪೆನ್ಸಿಲ್ಲು ಹಿಡಿದು ಕೂತರೆ ಮಗಳು ಮೂಗು ಅಗಲ ಎನ್ನುತ್ತಾಳೆ, ಸೊಸೆ ಮೊನಚು ಎನ್ನುತ್ತಾಳೆ. ಅಳಿಸಿ ಅಳಿಸಿ ಮೂಗಿದ್ದ ಜಾಗದಲ್ಲಿ ಹಾಳೆಯೇ ತೂತಾಯಿತು. ಕಂಪ್ಯೂಟರಿನಲ್ಲಾದರೆ ಕಣ್ಣು ಒಂದು ಪದರದಲ್ಲಿ, ಮೂಗು ಇನ್ನೊಂದರಲ್ಲಿ. ಮೂಗು ಅಳಿಸಿದರೂ ಕಣ್ಣು ಉಳಿಯುತ್ತದೆ. ಆದರೆ ಅಂಗಡಿಯ ಕಂಪ್ಯೂಟರನ್ನು ಆತಗೂರಿನ ಜಗಲಿಗೆ ಹೊತ್ತು ತರಲಾದೀತೇ? ಬೋರಯ್ಯನವರನ್ನೇ ಅಂಗಡಿಗೆ ಕರೆತಂದರೆ ಅವರಿಗೆ ಕಾಣುವುದು ನನ್ನ ಬೆನ್ನು. ನಮ್ಮ ಗಿರಾಕಿಗಳದ್ದೆಲ್ಲ ಅದೇ ಪಾಡು, ನನ್ನ ಹಿಂದೆ ನಿಂತು ಕತ್ತು ಚಾಚಿ ತಮ್ಮವರ ಮುಖ ಹುಡುಕಬೇಕು.

ಆಗ ಗೊತ್ತಾಯಿತು ನನಗೆ ಎಂಥದು ಬೇಕು ಎಂದು. ತಮ್ಮ ರಘುನಂದನನನ್ನು ಕರೆದುಕೊಂಡು ಮಂಡ್ಯದ ನೂರಡಿ ರಸ್ತೆಯ ಅಂಗಡಿಗಳನ್ನು ಸುತ್ತಿದೆ. ಅವನ ಕಣ್ಣೆಲ್ಲ ಕೀಲಿಮಣೆಯ ಕೆಳಗೆ ಬಣ್ಣಬಣ್ಣದ ದೀಪ ಉರಿಯುವ ಗೇಮಿಂಗ್ ಲ್ಯಾಪ್‌ಟಾಪಿನ ಮೇಲೆ. ತೊಡೆಯ ಮೇಲೆ ಇಟ್ಟುಕೊಂಡೆ, ಒರಳುಕಲ್ಲು ಇಟ್ಟುಕೊಂಡಂತಾಯಿತು. ಫ್ಯಾನು ಬೇರೆ ಹೂಂ ಎನ್ನುತ್ತಿತ್ತು. ಆಳು ನೋಡಿದರೆ ಅಲಂಕಾರ, ಬಾಳು ನೋಡಿದರೆ ಬಾಯಿ ಬಡ್ಕೊ ಎಂದು ವಾಪಸ್ಸು ಇಟ್ಟೆ. ಇನ್ನೊಂದು ಅಂಗಡಿಯಲ್ಲಿ ದೀಪಿಕ ಎಂಬ ಹುಡುಗಿ, ಮಕ್ಕಳ ಓದಿಗಾ ಅಕ್ಕ ಎಂದು ಕೇಳಿದಳು. ಅಲ್ಲಮ್ಮ, ಸತ್ತವರ ಮುಖ ಬರೆಯುವುದಕ್ಕೆ ಎಂದೆ. ಆ ಹುಡುಗಿ ಕಡಿಮೆ ಬೆಲೆಯದನ್ನು ತೋರಿಸುವುದನ್ನು ಬಿಟ್ಟು ನಿಜವಾಗಿ ಕೆಲಸಕ್ಕೆ ಬರುವುದನ್ನು ತೋರಿಸತೊಡಗಿದಳು.

ನಾನು ಎಲ್ಲದರ ಮೇಲೂ ಒಂದು ಕಣ್ಣು ಬರೆದು ನೋಡಿದೆ. ಒಂದರಲ್ಲಿ ಪೆನ್ನು ಮುಂದೆ ಹೋದರೆ ಗೆರೆ ಹಿಂದಿನಿಂದ ಬರುತ್ತಿತ್ತು, ಹೊಸ ಮದುಮಗಳು ಗಂಡನ ಹಿಂದೆ ನಡೆದಂತೆ. ಇನ್ನೊಂದರಲ್ಲಿ ಕೈ ಊರಿದ ಕಡೆಯೆಲ್ಲ ಕಲೆ. ನನಗೆ ಕೈ ಊರಿದರೆ ಕಲೆ ಬೀಳಬಾರದು, ಬೇಕೆಂದು ಬೆರಳಿಟ್ಟರೆ ಬೀಳಬೇಕು. ಮೃದುವಾಗಿ ಒತ್ತಿದರೆ ತೆಳು ಗೆರೆ, ಗಟ್ಟಿಯಾಗಿ ಒತ್ತಿದರೆ ದಪ್ಪ ಗೆರೆ. ಪರದೆ ಪೂರ್ತಿ ಹಿಂದಕ್ಕೆ ಮಡಚಿಕೊಂಡು ಹಲಗೆಯಂತೆ ಚಾಪೆಯ ಮೇಲೆ ಮಲಗಬೇಕು, ಸುತ್ತ ಕೂತವರಿಗೆಲ್ಲ ಕಾಣಬೇಕು. ಕೊನೆಗೆ ಸಿಕ್ಕಿದ್ದು ಬೂದು ಬಣ್ಣದ ಸಣ್ಣದು. ಕಣ್ಣು ಬರೆದೆ, ಅದು ನನ್ನನ್ನೇ ನೋಡಿತು. ಹಗುರ ಇದೆ ಎಂದು ದೀಪಿಕ ಹೇಳಿದರೆ ಸಾಕೇ? ಚೀಲಕ್ಕೆ ಹಾಕಿಕೊಂಡು, ಹೆಗಲಿಗೆ ಏರಿಸಿ, ಮೆಟ್ಟಿಲಿಳಿದು ರಸ್ತೆಯ ತುದಿಯವರೆಗೆ ನಡೆದೆ. ಸೆಕ್ಯೂರಿಟಿಯವರು ಹಿಂದೆಯೇ ಓಡಿಬಂದರು. ರಘು ನಾಚಿಕೆಯಿಂದ ಅಂಗಡಿಯೊಳಗೇ ಉಳಿದ. ನಾನು ವಾಪಸ್ಸು ಬಂದು ಇದನ್ನೇ ಕಟ್ಟಿಕೊಡಿ ಎಂದೆ. ನನ್ನ ಹೆಸರಿನಲ್ಲೇ, ಕಂತಿನ ಮೇಲೆ. ಅಣ್ಣ ಮಾತ್ರ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಒಂದು ವಾರ ಆಡಿಕೊಂಡ. ಆಡಿಕೊಳ್ಳಲಿ ಬಿಡಿ.

ಆತಗೂರಿನ ಜಗಲಿಯ ಮೇಲೆ ಚಾಪೆ ಹಾಸಿ ಅದನ್ನು ಮಡಚಿ ನಡುವೆ ಮಲಗಿಸಿದೆ. ಮಕ್ಕಳು, ಸೊಸೆ, ಮೊಮ್ಮಕ್ಕಳು, ಪಕ್ಕದ ಮನೆಯ ಚಿಕ್ಕಮಾದಮ್ಮ ಎಲ್ಲ ಸುತ್ತ ಕೂತರು. 'ಮೂಗು ಇನ್ನೊಸಿ ಅಗ್ಲ ಮಾಡವ್ವ.' 'ಅಂಗಲ್ಲ ಕಣಮ್ಮಿ, ಮೂಗ್ಬೊಟ್ಟು ಎಡಕ್ಕಿತ್ತು.' ಹೇಳಿದ್ದನ್ನು ಬರೆದೆ, ಬೇಡವೆಂದದ್ದನ್ನು ಅಳಿಸಿದೆ. ನಡುವೆ ಕರೆಂಟು ಹೋಯಿತು, ಮುಖ ಹೋಗಲಿಲ್ಲ. ಬೋರಯ್ಯನವರು ಮಾತ್ರ ದೂರದಲ್ಲಿ ಗೋಡೆಗೆ ಒರಗಿ ಕೂತಿದ್ದರು. ಎಲ್ಲರೂ ಸಾಕು, ಅವ್ವನೇ ಎಂದ ಮೇಲೆ ಹತ್ತಿರ ಬಂದು ಬಗ್ಗಿದರು. 'ಇಲ್ಲೊಂದ್ ಮಚ್ಚೆ ಇತ್ತಲ್ಲ' ಎಂದು ಗಲ್ಲದ ಕೆಳಗೆ ಬೆರಳಿಟ್ಟರು. ಬೆರಳು ತೆಗೆದರೆ ಅಲ್ಲೊಂದು ಕಪ್ಪು ಚುಕ್ಕೆ ಬಿದ್ದಿತ್ತು. ನಾನು ಅದನ್ನು ಮುಟ್ಟಲಿಲ್ಲ. ಅವರು 'ಬಂದ್ಯೇನೇ' ಎಂದು ಪರದೆಯನ್ನು ಕೇಳಿದರು. ಶಾಲಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ನಾನೂ ಅತ್ತೆ, ಮುಚ್ಚಿಡುವುದೇನಿದೆ. ಪಿತೃಪಕ್ಷದಲ್ಲಿ ಬೋರಯ್ಯನವರು ಆ ಪಟದ ಮುಂದೆ ಎಡೆ ಇಟ್ಟರು. ತಿಥಿಯ ದಿನ ಹಿಂದಕ್ಕೆ ಒಯ್ದ ಎಲೆಯ ಲೆಕ್ಕಕ್ಕೆ ಇನ್ನೊಂದು ಎಲೆಯನ್ನೂ ಇಟ್ಟರು.

ಈಗ ಬಾಯಿಂದ ಬಾಯಿಗೆ ಹರಡಿ ಬೇರೆ ಊರುಗಳಿಂದಲೂ ಕರೆಯುತ್ತಿದ್ದಾರೆ. ಮಳವಳ್ಳಿಯ ಮಾಯಮ್ಮ ಎಂಬುವವರು ತಂಗಿಯ ಮುಖ ಬರೆಸಬೇಕಂತೆ, ನಾಳೆ ಹೋಗುತ್ತೇನೆ. ಬಸ್ಸಿನಲ್ಲಿ ಸೀಟು ಸಿಕ್ಕರೆ ಅಲ್ಲೇ ಪರದೆ ಬಿಚ್ಚಿ ಕಂಡದ್ದನ್ನು ಬರೆಯುತ್ತೇನೆ, ಕಬ್ಬು ತುಂಬಿದ ಗಾಡಿ, ತೂಕಡಿಸುವ ಕಂಡಕ್ಟರು. ಯಾರೂ ಹೇಳದೆ, ಯಾರಿಗೂ ಅಲ್ಲದೆ ಒಂದು ಚಿತ್ರ ಬರೆದು ಎಷ್ಟು ಕಾಲವಾಗಿತ್ತೋ. ನನಗೆ ಇದು ಹೊಟ್ಟೆಪಾಡೂ ಹೌದು, ಖುಷಿಯೂ ಹೌದು.

ಆದ್ದರಿಂದ ಮಾವನಿಗೆ ಹೇಳಿ ಕಳಿಸಲಾಗದ ಉತ್ತರ ಇದು. ನಿಮ್ಮ ಅಂಗಡಿಯಲ್ಲಿ ಪ್ರಿಂಟು ಚೆನ್ನಾಗಿ ಬರುತ್ತದೆ, ಅದನ್ನು ಒಪ್ಪುತ್ತೇನೆ. ನಾನು ಬರೆದದ್ದನ್ನು ಅಲ್ಲಿಗೇ ಕೊಡಬಲ್ಲೆ, ಕೆಳಗೆ ನನ್ನ ಹೆಸರು ಇರಬೇಕು. ನಾನು ಮನೆಮನೆಗೆ ಹೋಗುವವಳು, ಗೋಡೆಗೆ ಮುಖ ಮಾಡಿದ ಆ ಕುರ್ಚಿಗೆ ಬೇರೆಯವರನ್ನು ನೋಡಿಕೊಳ್ಳಿ. ಇದೆಲ್ಲಕ್ಕಿಂತ ಮೊದಲು ನೀವು ಆತಗೂರಿಗೆ ಹೋಗಿ ಬೋರಯ್ಯನವರ ಮುಂದೆ ನಿಂತು, ತಪ್ಪಾಯಿತು ಎನ್ನಬೇಕು. ಅವರು ಬೈದರೆ ಬೈಸಿಕೊಳ್ಳಿ. ನೀವು ಕೆಟ್ಟವರೆಂದು ನಾನು ಯಾರ ಮುಂದೆಯೂ ಹೇಳಿಲ್ಲ, ಅಮ್ಮನ ಮುಂದೆಯೂ ಹೇಳಿಲ್ಲ. ನಿಮ್ಮ ಮೇಲೆ ಸಿಟ್ಟು ಇನ್ನೂ ಇದೆ. ನೆನಪೂ ಇದೆ. ಎರಡೂ ಒಟ್ಟಿಗೇ ಬರುತ್ತವೆ, ಏನು ಮಾಡಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ.

ಈಗಲೂ ನಿಮ್ಮವಳೇ ಆದ,
ಅರ್ಪಿತ

ತಾ.ಕ.: ಅತ್ತೆಗೆ ನಮಸ್ಕಾರ ಹೇಳಿ ಎಂದು ಬರೆದದ್ದು ನಾಟಕ. ಅವರು ಹೋದ ಗುರುವಾರ ಇಲ್ಲಿಗೆ ಬಂದಿದ್ದರು. ನಿಮಗೆ ಮಂಡ್ಯದ ಆಸ್ಪತ್ರೆ ಎಂದು ಹೇಳಿ ಬಸ್ಸು ಹತ್ತಿದ್ದರಂತೆ, ಬೈಯಬೇಡಿ. ನೀವು ಅಂಬೆಗಾಲಿಡುವಾಗಲೇ ತೀರಿಹೋದ ನಿಮ್ಮ ತಂದೆಯವರ ಮುಖ ಬರೆದುಕೊಡು ಎಂದು ಕೇಳಲು ಬಂದಿದ್ದರು. ಇದ್ದ ಒಂದೇ ಮದುವೆ ಫೋಟೋವನ್ನು ಗೆದ್ದಲು ತಿಂದಿತಂತೆ. ಅಪ್ಪ ಹೇಗಿದ್ದರು ಎಂದು ನೀವು ಚಿಕ್ಕಂದಿನಲ್ಲಿ ದಿನಾ ಕೇಳುತ್ತಿದ್ದಿರಂತೆ, ಆಮೇಲೆ ಕೇಳುವುದನ್ನೇ ಬಿಟ್ಟಿರಂತೆ. ಇಷ್ಟು ವರ್ಷದಲ್ಲಿ ನನಗೆ ನೀವು ಇದನ್ನು ಹೇಳಿರಲಿಲ್ಲ.

ಹಣೆ ಬರೆದಾಯಿತು, ಕಣ್ಣು ಬರೆದಾಯಿತು, ಕಿವಿ ಥೇಟು ನಿಮ್ಮದೇ. ಬಾಯಿಗೆ ಬಂದಾಗ ಅತ್ತೆ ನಿಂತುಬಿಟ್ಟರು. 'ಬಾಯಿ ನೆಪ್ಪಾಯ್ತಿಲ್ಲ ಕಣವ್ವ. ಸಸಿದು ಅವ್ರಪ್ಪುನ್ ಬಾಯೇಯ. ಅವನ್ನ ನೋಡ್ಕೊಂಡ್ ಬರಿ' ಎಂದರು. ನಿಮ್ಮ ಬಾಯಿಯನ್ನು ನೋಡದೆಯೂ ನಾನು ಬರೆಯಬಲ್ಲೆ. ಆದರೂ ಬರೆದಿಲ್ಲ. ಫೋಟೋ ಕಳಿಸಬೇಡಿ, ನೀವೇ ಬಂದು ಎದುರಿಗೆ ಕೂರಿ. ಆತಗೂರಿಗೆ ಹೋಗಿ ಬಂದ ಮೇಲೆ.